ಹಳ್ಳದ ಹತ್ತಿರ ಅಜ್ಜ

ರಾತ್ರಿಯ ಮಳೆ ಬೆಳಗಿನ ಹೊತ್ತಿಗೆ ನಿಂತಿತ್ತು. ಮಂಜು ಮಾತ್ರ ಪಾದಾಂಗ್ ಪಟ್ಟಣದ ಹಿಂದಿನ ಗುಡ್ಡಕ್ಕೆ ಒದ್ದೆ ಲುಂಗಿಯಂತೆ ಸುತ್ತಿಕೊಂಡಿತ್ತು. ಆ ಗುಡ್ಡದ ಅಭಯಾರಣ್ಯಕ್ಕೆ ಹೊರಟ ಯೂನಿಜಾರ್‌ನ ಕೈಕಾಲು ಮಂಜಿಗಿಂತ ತಣ್ಣಗಿದ್ದವು.

ಗಡಿಯಾರ ರಿಪೇರಿಯ ಯೂನಿಜಾರ್‌ಗೆ ಮೂವತ್ತಾರು ವರ್ಷ. ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವವನು. ಅಂಥವನನ್ನೂ ಅಳಿಯನನ್ನಾಗಿ ಮಾಡಿಕೊಳ್ಳಲು ಒಂದು ಮನೆಯವರು ಕೇಳಿ ಬಂದಿದ್ದರು. ದೇವರ ಕರುಣೆಗೆ ಎಲ್ಲೆಯಿಲ್ಲ. ಆದರೆ ಹುಡುಗಿ ದೆಸ್ಮಿಯ ಸೋದರಮಾವ ಒಪ್ಪಬೇಕಲ್ಲ. ಕಾಡಂಚಿನ ಹಳ್ಳಿಯ ಆ ಮುದುಕರು, "ಮನೆಯೊಳಗೆ ಕೂತ್ರೆ ಎಲ್ಲಾರೂ ಗಂಡಸ್ರೇ. ಹುಡುಗನ್ನ ಕಾಡಿಗೆ ಕರ್ಕೊಂಡು ಬನ್ನಿ, ನೋಡೋಣ" ಎಂದಿದ್ದರು.

ಜೊತೆಗೆ ರೊಸ್ನಿ ಚಿಕ್ಕಮ್ಮ. ಕರೆಯದೆ ಬಂದವನು ಪಕ್ಕದ ಮನೆಯ ಬುಸ್ತಾಮಿ.

"ಚಿಕ್ಕಮ್ಮಾ, ಅಲ್ಲಿ ಹು..."

ರೊಸ್ನಿ ಯೂನಿಜಾರ್‌ನ ಬಾಯಿ ಮುಚ್ಚಿದಳು. "ಕಾಡಲ್ಲಿ ಆ ಹೆಸರು ಎತ್ತಬಾರದು ಅಂತ ಎಷ್ಟು ಸಲ ಹೇಳ್ಲಿ? ಅಜ್ಜ ಅನ್ನು."

"ಹೆದರಿದವರ ವಾಸನೆ ಅಜ್ಜನಿಗೆ ಬೇಗ ಗೊತ್ತಾಗುತ್ತಂತೆ ತಮ್ಮಾ," ಎಂದ ಬುಸ್ತಾಮಿ. "ನೀನು ಅತ್ತರು ಬೇರೆ ಬಳ್ಕೊಂಡಿದ್ದೀಯ."

ಅಭಯಾರಣ್ಯದ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಇಲ್ಲೇ ನಿಲ್ಲಿ. ಅಜ್ಜ ಬರ್ತಿದ್ದಾರೆ."

ಮಾತು ಮುಗಿಯುವ ಮೊದಲೇ ಯೂನಿಜಾರ್ ಶೌಚಾಲಯದೊಳಗೆ ಸೇರಿ ಚಿಲಕ ಹಾಕಿದ್ದ. ಹೊರಗೆ ಯಾರೋ ಕೆಮ್ಮಿದರು. "ಹುಡುಗ ಎಲ್ಲಿ?"

ಬಂದವರು ಸೋದರಮಾವ. ಆ ಹಳ್ಳಿಯಲ್ಲಿ ಹಿರಿಯರೂ ಅಜ್ಜನೇ, ಹುಲಿಯೂ ಅಜ್ಜನೇ.

ಹೊರಬಂದವನನ್ನು ಮುದುಕರು ಅಡಿಯಿಂದ ಮುಡಿವರೆಗೆ ನೋಡಿದರು. "ನಾನು ಮುಂದೆ ಹೋಗಿ ಹಳ್ಳದ ಹತ್ತಿರ ಇರ್ತೀನಿ. ಒಬ್ಬನೇ ಬಾ. ಬಂದ್ರೆ ಮದುವೆ ಮಾತು."

ಅವರು ಮರೆಯಾದ ಮೇಲೆ ರೊಸ್ನಿ ಹಲ್ಲು ಕಡಿದಳು. "ಇನ್ನೊಂದು ಸಲ ಬಚ್ಚಿಟ್ಕೊಂಡ್ರೆ ಸಾಯೋ ತನಕ ಗಡಿಯಾರಗಳ ಜೊತೆಗೇ ಸಂಸಾರ ಮಾಡು."

ಯೂನಿಜಾರ್ ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಿಕೊಳ್ಳುತ್ತಾ ನಡೆದ. ಎಲೆ ಉದುರಿದರೆ ನಿಂತ. ಮಂಗ ಕೂಗಿದರೆ ಕೂತ. ಅರ್ಧ ದಾರಿಯಲ್ಲಿ ಇನ್ನೊಬ್ಬ ಕಾವಲುಗಾರ ಎದುರಾಗಿ ಪಿಸುಗುಟ್ಟಿದ: "ಹಿಂದಕ್ಕೆ ನಡೀರಿ. ಅಜ್ಜ ಹಳ್ಳಕ್ಕೆ ಇಳಿದಿದ್ದಾರೆ."

"ಗೊತ್ತು," ಎಂದ ಯೂನಿಜಾರ್. "ನಂಗೋಸ್ಕರಾನೇ ಕಾಯ್ತಿದ್ದಾರೆ."

ಕಾವಲುಗಾರ ಬಾಯಿ ತೆರೆದುಕೊಂಡೇ ದಾರಿ ಬಿಟ್ಟ.

ಹಳ್ಳದಲ್ಲಿ ಜರಿಗಿಡಗಳ ಆಚೆ ಯಾರೋ ನೀರು ಕುಡಿಯುವ ಸದ್ದು. ಮಾವನ ಮುಖ ನೋಡುವ ಧೈರ್ಯ ಸಾಲದೆ ಯೂನಿಜಾರ್ ಕಣ್ಣು ಮುಚ್ಚಿ, ಎದೆಗೆ ಕೈಯಿಟ್ಟು ಬಾಗಿದ. "ಅಸ್ಸಲಾಮು ಅಲೈಕುಂ, ಅಜ್ಜಾ. ಒಬ್ಬನೇ ಬಂದಿದ್ದೀನಿ."

ನೀರಿನ ಸದ್ದು ನಿಂತಿತು. ಉತ್ತರ ಬರಲಿಲ್ಲ. ಕಣ್ಣು ತೆರೆದ.

ಎರಡು ಹಳದಿ ಕಣ್ಣು, ನೀರು ತೊಟ್ಟಿಕ್ಕುವ ಮೀಸೆ. ಓಡೋಣವೆಂದರೆ ಕಾಲು ಕೀಲಿ ಮುಗಿದ ಗಡಿಯಾರ. ಅಜ್ಜ ಅವನನ್ನು ಬಹಳ ಹೊತ್ತು ನೋಡಿ, ಈ ಸಂಬಂಧ ತನಗೆ ಬೇಡವೆಂಬಂತೆ ತಿರುಗಿ ದಡ ಹತ್ತಿ ಹೋದ.

"ಹೋದ್ರಾ?" ಎಂದಿತು ನೆತ್ತಿಯ ಮೇಲಿಂದ ಒಂದು ದನಿ.

ಮರದ ಕೊಂಬೆಯನ್ನು ಸೋದರಮಾವ ಹಲ್ಲಿಯಂತೆ ತಬ್ಬಿದ್ದರು. ಲುಂಗಿ ಕೆಳಗಿನ ಮುಳ್ಳಿನಲ್ಲಿ ನೇತಾಡುತ್ತಿತ್ತು. ಯೂನಿಜಾರ್ ಭುಜ ಕೊಟ್ಟು ಇಳಿಸಿಕೊಂಡ.

"ಹುಲಿಗೆ ಸಲಾಂ ಹೇಳಿದ ಗಂಡು ನಮ್ಮ ಸೀಮೇಲೇ ಇಲ್ಲ ಮಗಾ," ಎಂದರು ಮುದುಕರು ಲುಂಗಿ ಉಡುತ್ತಾ. ಗಾಬರಿಯಲ್ಲಿ ಆ ಹೆಸರೂ ಬಾಯಿಂದ ಜಾರಿತ್ತು. ಯೂನಿಜಾರ್‌ನ ಮುಖ ಅರಳಿತು. ಮುದುಕರು ಮಾತು ಮುಂದುವರಿಸಿದರು: "ಅದಕ್ಕೇ ಹೇಳ್ತೀನಿ, ಈ ಮದುವೆ ಬೇಡ. ನಿನ್ನ ಎದುರು ಊಟಕ್ಕೆ ಕೂತಾಗೆಲ್ಲ ನಂಗೆ ಈ ಮರ ನೆನಪಾಗುತ್ತೆ."

ನಾಲ್ಕು ಹೆಜ್ಜೆ ಹೋಗಿ ಅವರು ನಿಂತರು. ಮಾನ ಹೋದರೂ, ಕಿವಿಗೆ ಬಿದ್ದ ಸಲಾಮಿಗೆ ಮರುಸಲಾಂ ಹೇಳದೆ ಋಣ ಉಳಿಸಿಕೊಳ್ಳಬಾರದು. ಹಿಂದೆ ನೋಡದೆ, ಮೆಲ್ಲಗೆ, "ವಅಲೈಕುಂ ಸಲಾಂ" ಎಂದರು.