ಮಾವನ ದಾಂಪತ್ಯ ಗ್ರಂಥಗಳು

ನಮ್ಮ ಸೋದರಮಾವನಷ್ಟು ಓದಿಕೊಂಡು ಸಂಸಾರ ಮಾಡಿದ ಗಂಡಸು ಇಡೀ ಪೀಣ್ಯದಲ್ಲಿ ಇನ್ನೊಬ್ಬನಿಲ್ಲ! ಬೇರೆಯವರು ಹೆಂಡತಿಯ ಮುಖ ನೋಡಿ ನಡೆದುಕೊಳ್ಳುತ್ತಾರೆ. ಇವರು ಪುಟ ನೋಡಿ. ಕಾರ್ಖಾನೆಯಲ್ಲಿ ಲೇತ್ ಮೆಷಿನ್ ರಿಪೇರಿ ಮಾಡುತ್ತಿದ್ದವರು. ಕೈಪಿಡಿ ಓದದೆ ಯಾವ ಯಂತ್ರಕ್ಕೂ ಕೈ ಹಾಕಬಾರದೆಂಬುದು ಅವರ ಸಿದ್ಧಾಂತ. ಅದನ್ನೇ ನಮ್ಮ ಅತ್ತೆಗೂ ಅನ್ವಯಿಸಿದರು, ಪಾಪ!

ನಾಗಸಂದ್ರದ ಅವರ ಮನೆಯಲ್ಲಿ ಬೈಬಲ್ಲಿನ ಪಕ್ಕದಲ್ಲೇ ದಾಂಪತ್ಯದ ಪುಸ್ತಕಗಳ ಸಾಲು. ಕ್ರೈಸ್ತ ಗಂಡ ಹೇಗಿರಬೇಕು, ಕ್ರೈಸ್ತ ಹೆಂಡತಿ ಹೇಗಿರಬೇಕು, ಜಗಳವಾದರೆ ಯಾರು ಮೊದಲು ಮಾತಾಡಿಸಬೇಕು, ಎಲ್ಲವೂ ಅಲ್ಲಿದೆ. ಕೆಲವು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದವು. ಮಿಕ್ಕವು ಬರಲು ಹೊರಟು ದಾರಿಯಲ್ಲೇ ನಿಂತವು!

ಹೆಂಡತಿಯ ಅಡುಗೆಯನ್ನು ದಿನವೂ ಹೊಗಳಬೇಕೆಂದು ಒಂದರಲ್ಲಿತ್ತು. ಮಾವ ಅಂದು ಊಟಕ್ಕೆ ಕೂತವರೇ, "ಸಾರು ಬಹಳ ರುಚಿಯಾಗಿದೆ" ಎಂದುಬಿಟ್ಟರು.

"ಸಾರು ಇನ್ನೂ ಒಲೆ ಮೇಲಿದೆ ಕಣ್ರೀ," ಎಂದರು ಅತ್ತೆ.

ದಂಪತಿಗಳು ಆಗಾಗ ಸರೋವರದ ದಂಡೆಯಲ್ಲಿ ಕೈ ಹಿಡಿದು ನಡೆಯಬೇಕೆಂದು ಇನ್ನೊಂದು ಪುಸ್ತಕ. ಬರೆದವರ ಊರಿನಲ್ಲಿ ಎಂಥ ಸರೋವರವಿತ್ತೋ! ನಮ್ಮವರಿಗೆ ಸಿಕ್ಕಿದ್ದು ಕೊಳಚೆ ನೀರಿನಿಂದ ನೊರೆಯೆದ್ದು ನಾರುವ ವರ್ತೂರು ಕೆರೆ. ನೆಂಟರ ಗೃಹಪ್ರವೇಶದ ಪ್ರಾರ್ಥನೆಗೆಂದು ಹೋದಾಗ ಮಾವ ಅತ್ತೆಯನ್ನು ಅಲ್ಲಿಗೆ ಕರೆದೊಯ್ದರು. ಇಬ್ಬರೂ ಒಂದು ಕೈಯಲ್ಲಿ ತಂತಮ್ಮ ಮೂಗು ಹಿಡಿದಿದ್ದರು, ಇನ್ನೊಂದರಲ್ಲಿ ಒಬ್ಬರನ್ನೊಬ್ಬರು. ಎದುರಿಗೆ ಬಂದ ಊರಿನವನೊಬ್ಬ ಗಾಬರಿಯಿಂದ ಬೈಕ್ ನಿಲ್ಲಿಸಿದ.

"ಯಾಕಣ್ಣೋ, ಇಂಗ್ ಕೈ ಇಡ್ಕೊಂಡ್ ಓಯ್ತಿದೀಯ? ಅಕ್ಕಂಗೆ ಉಸಾರಿಲ್ವಾ?"

"ಉಷಾರಾಗೇ ಇದಾಳೆ ಕಣಪ್ಪ. ನಮ್ದು ಐದನೇ ಅಧ್ಯಾಯ ನಡೀತಿದೆ!"

ಇಂಥ ಮಾವ ಒಂದು ಭಾನುವಾರ ಆರಾಧನೆ ಮುಗಿಸಿ, ಅತ್ತೆಯನ್ನೂ ಒಂದು ಪುಸ್ತಕವನ್ನೂ ಜೊತೆಗಿಟ್ಟುಕೊಂಡು, ಊರಿನ ಆ ತುದಿಯಿಂದ ಈ ತುದಿಗೆ, ಸಿಂಗಸಂದ್ರದ ನಮ್ಮ ಮನೆಗೆ ಬಂದರು. ನನಗೂ ನನ್ನ ಗಂಡನಿಗೂ ಮಾತು ನಿಂತುಹೋದದ್ದು ಅವರ ಕಿವಿಗೆ ಬಿದ್ದಿತ್ತು. ನನ್ನ ಗಂಡನ ಕೆಲಸ ಹೋಗಿತ್ತು. ಅದಕ್ಕಲ್ಲ ನನ್ನ ಕೋಪ. ಅದನ್ನು ಸ್ನೇಹಿತರಿಗೆಲ್ಲ ಹೇಳಿ ನನ್ನಿಂದ ಬಚ್ಚಿಟ್ಟಿದ್ದರು. "ಸಾರ್‌ಗೆ ಬೇರೆ ಕೆಲ್ಸ ಸಿಕ್ತಾ ಮೇಡಂ?" ಎಂದು ಪಕ್ಕದ ಮನೆಯವರು ಲಿಫ್ಟಿನಲ್ಲಿ ಕೇಳಿದಾಗಲೇ ನನಗೆ ಗೊತ್ತಾದದ್ದು. ಅಂದಿನಿಂದ ನನ್ನ ಮನಸ್ಸಿನಲ್ಲಿ ಅವರನ್ನು ಬಿಟ್ಟು ಬೇರೆ ಮನೆ ಮಾಡುವ ಯೋಚನೆ ಓಡುತ್ತಿತ್ತು.

ಮಾವ ಪುಸ್ತಕ ಮುಂದಿಟ್ಟರು. ನನಗೆ ರೇಗಿತು. "ಹೆಂಡ್ತಿ ತಗ್ಗಿ ಬಗ್ಗಿ ನಡೀಬೇಕು ಅಂತ ತಾನೇ ಮಾವ, ಇದ್ರಲ್ಲಿ ಇರೋದು?"

"ಅದೂ ಇದೆಯಮ್ಮ," ಎಂದರು ಮಾವ. "ಗಂಡ ಅವಳಿಗೋಸ್ಕರ ಪ್ರಾಣ ಕೊಡೋಕೂ ರೆಡಿ ಇರ್ಬೇಕು ಅಂತಾನೂ ಇದೆ. ನಮ್ ಗಂಡಸ್ರು ಮೊದಲ್ನೇದು ಓದಿ ಪುಸ್ತಕ ಮುಚ್ಚಿಟ್ಬಿಡ್ತಾರೆ."

ನಾನು ಎದ್ದು ಅಡುಗೆಮನೆಗೆ ಹೋದೆ. ಅತ್ತೆ ಹಿಂದೆಯೇ ಬಂದು ಕಾಫಿ ಲೋಟಗಳನ್ನು ತೊಳೆಯತೊಡಗಿದರು.

"ನಿಮ್ ಮಾವಂಗೆ ಮೊದ್ಲು ಈ ಹುಚ್ಚಿರ್ಲಿಲ್ಲ ಕಣೇ," ಎಂದರು, ತಲೆಯೆತ್ತದೆ. "ನಮ್ ಮೊದಲ್ನೇ ಮಗು ಜ್ವರದಲ್ಲಿ ಹೋಯ್ತಲ್ಲ, ಆಮೇಲೆ ನಾವಿಬ್ರೂ ಅವಳ ಹೆಸರೇ ಎತ್ತಲಿಲ್ಲ. ನಾನು ಅವ್ರನ್ನ ದೂರ್ತೀನಿ ಅಂತ ಅವ್ರಿಗೆ ಭಯ. ಅವ್ರು ನನ್ನನ್ನ ದೂರ್ತಾರೆ ಅಂತ ನಂಗೆ. ಊಟ ಬಡಿಸೋದು, ಉಣ್ಣೋದು, ಅಷ್ಟೇ. ಆಗ ಪಾಸ್ಟರ್ ಒಂದು ಪುಸ್ತಕ ಕೊಟ್ರು. ಒಂದು ಸಾಯಂಕಾಲ ಅದನ್ನ ಹಿಡ್ಕೊಂಡು ನನ್ ಪಕ್ಕ ಬಂದು ಕೂತ್ರು. 'ಇದ್ರಲ್ಲಿ ಒಂದು ಪ್ರಶ್ನೆ ಕೊಟ್ಟವ್ರೆ. ಕೇಳ್ಲಾ?' ಅಂದ್ರು."

"ಏನ್ ಪ್ರಶ್ನೆ?"

"ನಿಮ್ಮ ಮನಸ್ಸಿಗೆ ಎಲ್ಲಕ್ಕಿಂತ ಭಾರವಾಗಿರೋದು ಏನು ಅಂತ." ಅತ್ತೆ ನಲ್ಲಿ ನಿಲ್ಲಿಸಿದರು. "ಮಗಳ ಹೆಸರು ಹೇಳ್ದೆ. ಅವ್ರು ಮಗು ಥರ ಅತ್ಬಿಟ್ರು. ತಾವಾಗೇ ಕೇಳೋಕೆ ಅವ್ರಿಗೆ ಬಾಯಿ ಬರ್ತಿರ್ಲಿಲ್ಲ. ಪುಸ್ತಕ ಕೇಳ್ತು ಅನ್ನೋ ನೆಪ ಬೇಕಿತ್ತು."

ಸಂಜೆಗೆ ಅವರು ಹೊರಟರು. ಪುಸ್ತಕ ನಮ್ಮ ಮನೆಯಲ್ಲೇ ಉಳಿಯಿತು.

ನಾನು ಅನ್ನಕ್ಕಿಟ್ಟು ನಿಂತಿದ್ದೆ. ನನ್ನ ಗಂಡ ಆ ಪುಸ್ತಕ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ಚೌಕಟ್ಟಿಗೆ ಒರಗಿ, ಓದುವವರ ಧಾಟಿಯಲ್ಲಿ ಶುರುಮಾಡಿದರು.

"ಗಂಡ ಏನಾದ್ರೂ ಮುಚ್ಚಿಟ್ಟಿದ್ರೆ, ಯಾಕೆ ಅಂತ ಹೆಂಡ್ತಿಗೆ ಹೇಳ್ಬೇಕಂತೆ."

"ಹೇಳಿ."

"ನಾಚ್ಕೆ ಆಯ್ತು ಕಣೇ. ಬೇರೆಯವ್ರ ಮುಂದೆ ಸೋತ್ರೂ ಪರ್ವಾಗಿಲ್ಲ. ನಿನ್ ಮುಂದೆ ಹಾಗೆ ನಿಲ್ಲೋಕ್ ಆಗ್ಲಿಲ್ಲ."

ಆಗ ಅವರ ಕೈಯತ್ತ ನೋಡಿದೆ. ಪುಸ್ತಕ ಮುಚ್ಚಿಯೇ ಇತ್ತು.

ನಾನು ಸ್ಟವ್ ಆರಿಸಿ, ಬಾಗಿಲ ಬಳಿ ನೆಲದ ಮೇಲೆ ಕೂತು, ಅವರನ್ನೂ ಪಕ್ಕಕ್ಕೆ ಕೂರಿಸಿಕೊಂಡೆ.

"ಇನ್ನೇನಿದೆ ಅದ್ರಲ್ಲಿ?" ಎಂದೆ. "ಓದಿ ಹೇಳಿ."