ಲಕ್ಕಿಸೊಪ್ಪಿನ ಕಷಾಯವೂ ನನ್ನ ಎದೆಬಡಿತವೂ

ನಾನು ಹುಟ್ಟಾ ಪುಕ್ಕಲ. ಮಾತ್ರೆಯ ಡಬ್ಬಿಯೊಳಗಿನ ಚೀಟಿ ಓದಿ, ಅದರಲ್ಲಿರುವ ಅಡ್ಡಪರಿಣಾಮಗಳನ್ನೆಲ್ಲ ಮಾತ್ರೆ ನುಂಗುವ ಮೊದಲೇ ಅನುಭವಿಸಿ ಮುಗಿಸುವವನು. ಇಂಥವನು ಹೊಸಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಆಸಿಡ್ ಬಾಟಲಿಗಳಿಂದ ದೂರ ಇರಬಹುದೆಂಬ ಒಂದೇ ಆಸೆಗೆ ಕಂಪ್ಯೂಟರಿನಲ್ಲಿ ಅಣುಗಳನ್ನು ಪರೀಕ್ಷಿಸುವ ವಿದ್ಯೆ ಕಲಿತೆ. ದೇಹದೊಳಗಿನ ಒಂದು ಪ್ರೋಟೀನಿನ ಚಿತ್ರ ತೆರೆದು, ಅದರ ಸಂದಿಯಲ್ಲಿ ಔಷಧದ ಅಣುವನ್ನು ಹೇಗೆ ಹೇಗೋ ತಿರುಗಿಸಿ ಕೂರಿಸಿದರೆ, ಎಷ್ಟು ಬಿಗಿಯಾಗಿ ಅಂಟಿತೆಂದು ಯಂತ್ರ ಒಂದು ಅಂಕಿ ಕೊಡುತ್ತದೆ. ಗಾಜು ಒಡೆಯುವುದಿಲ್ಲ, ಕೈ ಸುಡುವುದಿಲ್ಲ. ಹೆದರಿಕೆ ಬೇರೆ ದಾರಿಯಿಂದಲೂ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಅದು ಬಂದದ್ದು ಎಮ್ಮಿಗನೂರಿನ ಬಸ್ಸಿನಲ್ಲಿ. ನಮ್ಮ ಸೋದರತ್ತೆ ಹುಲಿಗೆವ್ವ ಮೊಣಕಾಲು ನೋವಿಗೆಂದು ವರ್ಷಗಟ್ಟಲೆಯಿಂದ ಲಕ್ಕಿಸೊಪ್ಪಿನ ಕಷಾಯ ಕುಡಿದು, ಗದ್ದೆಯ ಬದುವಿನ ಮೇಲೆ ನನಗಿಂತ ಚುರುಕಾಗಿ ಓಡಾಡುವವಳು. ಆ ಬಸ್ಸಿಳಿದು ನಮ್ಮ ಮನೆಗೆ ಬಂದವಳು ನನ್ನ ಸೊಂಟನೋವು ಕಂಡು ನನಗೂ ಕುಡಿಸತೊಡಗಿದಳು. ಎಂಟನೆಯ ದಿನ, ಸುಮ್ಮನೆ ಕುತೂಹಲಕ್ಕೆ, ಆ ಸೊಪ್ಪಿನ ಒಂದು ಅಣುವನ್ನು ಹೃದಯದ ಬಡಿತ ಕಾಯುವ ಪ್ರೋಟೀನಿಗೆ ಕೂರಿಸಿ ನೋಡಿದೆ. ಬಿಗಿಯಾಗಿ ಅಂಟಿಕೊಂಡಿತು. ಆ ಸಂದಿ ಮುಚ್ಚಿದರೆ ಬಡಿತ ತಪ್ಪುತ್ತದೆಂದು ನಾನೇ ಪಾಠ ಮಾಡಿದ್ದೆ. ಎದೆ ಧಸಕ್ಕೆಂದಿತು. ಧಸಕ್ಕೆಂದದ್ದನ್ನು ಕೇಳಿ ಇನ್ನಷ್ಟು ಹೆದರಿದೆ. ನಾನು ಕುಡಿದದ್ದು ಎಂಟೇ ದಿನ, ಅತ್ತೆಯ ಗತಿ?

ಅಡುಗೆಮನೆಗೆ ಓಡಿ ಹೇಳಿಬಿಟ್ಟೆ. ಅತ್ತೆ ಪಾತ್ರೆ ಕೆಳಗಿಟ್ಟು, "ಲೇ ಪಂಪಾ, ನಿನ್ನ ಮಷೀನಿನ್ಯಾಗ ಎಷ್ಟ್ ಎಲಿ ಹಾಕಿದ್ದಿ?" ಎಂದಳು. "ಎಲಿ ಹಾಕಂಗಿಲ್ಲ ಅತ್ತಿ, ಬರೇ ಒಂದ್ ಅಣು." "ಕುದಿಸಿದ್ದೇನು?" "ಇಲ್ಲ." ಬೈಯುತ್ತಾಳೆಂದು ಕಾದೆ. "ಓದಿದಾಂವ ಹೇಳಾಕತ್ತೀ. ಬ್ಯಾಡ ಬಿಡು," ಎಂದವಳೇ ಕಷಾಯವನ್ನು ಬಚ್ಚಲಿಗೆ ಸುರಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಪಾಂಡಿತ್ಯವನ್ನು ಒಬ್ಬರು ಪೂರ್ತಿ ನಂಬಿದ್ದರು.

ವಾರದೊಳಗೆ ಅತ್ತೆಯ ಮೊಣಕಾಲು ಊದಿತು. ಗೋಡೆ ಹಿಡಿದು ನಡೆಯುವವಳನ್ನು ನೋಡಲಾಗದೆ ಮತ್ತೆ ಯಂತ್ರದ ಮುಂದೆ ಕೂತೆ. ಗೊತ್ತಿರುವ ಇನ್ನೊಂದು ಅಣುವನ್ನು ಪಕ್ಕದಲ್ಲಿಟ್ಟು ಹೋಲಿಸದೆ ಫಲಿತಾಂಶ ಬರೆಯಬೇಡಿ ಎಂದು ವಿದ್ಯಾರ್ಥಿಗಳಿಗೆ ಗದರುವವನು ನಾನೇ ಹೋಲಿಸಿರಲಿಲ್ಲ. ಅರಿಶಿನದ ಅಣುವನ್ನು ಕೂರಿಸಿದೆ. ಲಕ್ಕಿಗಿಂತ ಬಿಗಿಯಾಗಿ ಅಂಟಿತು. ಮೆಣಸಿನದೂ ಅಂಟಿತು. ಈ ಲೆಕ್ಕದಲ್ಲಿ ತುಂಗಭದ್ರೆಯ ಎರಡೂ ದಡದವರು ಸಾರು ಉಂಡೇ ಎಂದೋ ಸಾಯಬೇಕಿತ್ತು. ಆದರೂ ಧೈರ್ಯ ಸಾಲದೆ ಡಾಕ್ಟರ ಬಳಿಗೆ ಹೋದೆವು. ಇಬ್ಬರ ಇಸಿಜಿಯೂ ಸರಿಯಾಗಿತ್ತು. ಅವರು ಕಷಾಯ ಕುಡಿಯಲು ಅಡ್ಡಿಯಿಲ್ಲವೆಂದರು.

"ತಪ್ಪು ನಂದ ಅತ್ತಿ, ಕುಡಿ," ಎಂದೆ. ಅತ್ತೆ ಲೋಟವನ್ನು ನನ್ನ ಕಡೆ ಸರಿಸಿದಳು. "ನಂಗ ಅಂಜಿಕಿ ಹೊಕ್ಕೈತಿ. ಮೊದಲ ನೀ ಕುಡಿ, ನಾ ನೋಡ್ತೀನಿ."

ಈಗ ದಿನಾ ಬೆಳಿಗ್ಗೆ ನಾನು ಮೊದಲು ಕುಡಿಯುತ್ತೇನೆ. ಅತ್ತೆ ಕಣ್ಣು ಮಿಟುಕಿಸದೆ ನನ್ನ ಮುಖ ನೋಡುತ್ತಾಳೆ. ಲೋಟ ಕೆಳಗಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಅವಳಿಗೆ ಕಾಣದಂತೆ ನನ್ನ ನಾಡಿ ಹಿಡಿಯುತ್ತೇನೆ. ಬಡಿತ ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ನಗುತ್ತೇನೆ. ಆ ನಗು ನೋಡಿ, ಅತ್ತೆ ಧೈರ್ಯವಾಗಿ ತನ್ನ ಲೋಟ ಎತ್ತುತ್ತಾಳೆ.