ಟೈಲರಣ್ಣನ ಏಕಾಂಗಿ ದಂಡಯಾತ್ರೆ

"ಒಬ್ಬನೇ ಹೋಗ್ತೀನಿ! ದೇಶದ ಈ ತುದಿಯಿಂದ ಆ ತುದಿಗೆ! ಮೂವತ್ತು ದಿನ! ಒಂದು ನರಪಿಳ್ಳೆ ಹತ್ರ ಸಹಾಯ ಅಂತ ಬಾಯಿ ಬಿಟ್ರೆ ಆ ಕಟಿಂಗ್ ಮೇಜು ನಿಂದೇ, ತಗೋ!"

ಹೀಗೆ ಗುಡುಗಿದವನು ಟೈಲರಣ್ಣ. ಗುಡುಗಿಸಿಕೊಂಡವಳು ಅವನ ಹೆಂಡತಿ. ಇಪ್ಪತ್ತೆರಡು ವರ್ಷ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿಗಳಿಗೆ ಕಾಜಾ ಹಾಕಿದ ಆಕೆ, ಅಂದು ಬೆಳಿಗ್ಗೆ ತಣ್ಣಗೆ, "ಇನ್ಮೇಲೆ ಕಟಿಂಗ್ ನಾನು ಮಾಡ್ತೀನಿ" ಅಂದುಬಿಟ್ಟಿದ್ದಳು. ಆ ಮೇಜೆಂದರೆ ಟೈಲರಣ್ಣನ ಸಿಂಹಾಸನ! ಅದರ ಮೇಲೆ ನೊಣ ಕೂತರೂ ಅವನ ಅಪ್ಪಣೆ ಬೇಕು!

"ಯಾಕೆ, ನನ್ನ ಕಟಿಂಗಿಗೆ ಏನಾಗಿದೆ?"

"ಕಟಿಂಗಿಗೆ ಏನೂ ಆಗಿಲ್ಲ ರೀ. ಬಾಯಿಗೆ ಆಗಿದೆ. ಅಳತೆ ಕೊಡೋಕೆ ಬಂದೋರೆಲ್ಲ ಬೈಸ್ಕೊಂಡು ಓಡ್ತಾರೆ. ಎದುರಿಗೆ ಬೈಯೋಕೆ ಜನ ಇಲ್ದಿದ್ರೆ ನಿಮಗೆ ಒಂದು ದಿನ ಹೋಗಲ್ಲ."

ಆ ಮಾತಿಗೇ ಈ ದಂಡಯಾತ್ರೆ.

ಗುಡಾರವನ್ನು ಅವನೇ ಹೊಲಿದ. ಅಂಗಡಿಯಲ್ಲಿ ಕೊಂಡ ಗುಡಾರದಲ್ಲಿ ಮಲಗಿದರೆ ಕುಲವೃತ್ತಿಗೇ ಅವಮಾನವಂತೆ! ದಪ್ಪ ಕ್ಯಾನ್ವಾಸು, ಒಂದರ ಮೇಲೊಂದು ಮೂರು ಹೊಲಿಗೆ, ಕಾಡೆಮ್ಮೆ ಗುದ್ದಿದರೂ ಹರಿಯಬಾರದು. ಬಾಗಿಲು ಹೊಲಿಯುವಾಗ ಹೆಂಡತಿ ಬಗ್ಗಿ ನೋಡಿದಳು.

"ರೀ, ಆ ಜಿಪ್ಪು..."

"ಜಿಪ್ಪಿನ ವಿಷಯ ನನಗೇ ಹೇಳ್ಕೊಡ್ತೀಯಾ? ಮೂವತ್ತು ವರ್ಷ ಪ್ಯಾಂಟಿಗೆ ಜಿಪ್ಪು ಕೂರಿಸಿದ ಕೈ ಇದು!"

ಆಕೆ ತಕ್ಷಣ ಬಾಯಿ ಮುಚ್ಚಿಕೊಂಡಳು. ಅಷ್ಟು ಖುಷಿಯಾಗಿ ಆಕೆ ಬಾಯಿ ಮುಚ್ಚಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಸ್ಕೂಟರ್ ಹೊರಟಿತು. ಪ್ರೇಕ್ಷಣೀಯ ಸ್ಥಳಗಳಿಗೆಲ್ಲ ಸಾಲಾಗಿ ಮಂಗಳಾರತಿ! ಜಲಪಾತದ ಮುಂದೆ ನಿಂತು, "ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ನಮ್ಮ ಬೀದಿ ಪೈಪು ಒಡೆದ್ರೆ ಇದಕ್ಕಿಂತ ಜೋರಾಗಿ ಬರುತ್ತೆ!" ಎಂದು ಕೂಗಿದ. ಜಲಪಾತ ಕ್ಷಮೆ ಕೇಳಲಿಲ್ಲ. ಹಳೇ ಕೋಟೆಯ ಗೋಡೆಗೆ, "ಎಡಗಡೆ ಅರ್ಧ ಇಂಚು ಇಳಿದಿದೆ, ಯಾವನು ಅಳತೆ ತಗೊಂಡಿದ್ದು?" ಎಂದ. ಕೋಟೆಯೂ ಗಪ್‌ಚಿಪ್. ತಿರುಗಿ ಮಾತಾಡದವರನ್ನು ಎಷ್ಟು ಅಂತ ಬೈಯೋದು? ಆರು ದಿನಕ್ಕೆ ಟೈಲರಣ್ಣನ ಕೋಪ ಉಕ್ಕಲು ಜಾಗವಿಲ್ಲದೆ ಒಳಗೇ ಕುದಿಯತೊಡಗಿತು.

ಆರೂ ದಿನ ಸೆಕೆ. ಬಾಗಿಲು ತೆರೆದೇ ಮಲಗಿದ್ದ. ಏಳನೇ ದಿನ ಬೆಟ್ಟದ ತುದಿ. ಅಲ್ಲಿನ ಸೂರ್ಯೋದಯ ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರಂತೆ. ಗಾಳಿ ಚಳಿ ತಡೆಯಲಾರದೆ ಸಂಜೆಯೇ ಗುಡಾರ ಹೊಕ್ಕು, ಕೈ ಹೊರಚಾಚಿ ಜಿಪ್ಪನ್ನು ಕೆಳತನಕ ಎಳೆದು, ಕೈ ಒಳಗೆ ಎಳೆದುಕೊಳ್ಳುತ್ತಾ ಬೆರಳ ತುದಿಯಿಂದ ಉಳಿದ ಸಂದಿಯನ್ನೂ ಬಿಗಿದು ಮಲಗಿದ.

ಬೆಳಿಗ್ಗೆ ಎಚ್ಚರವಾಯಿತು. ಬಹಳ ಅವಸರವಾಗಿ ಎಚ್ಚರವಾಯಿತು. ಮಲಗುವ ಮುಂಚೆ ಚಳಿಗೆ ಮೂರು ಲೋಟ ಚಹಾ ಕುಡಿದಿದ್ದ! ಜಿಪ್ಪಿಗೆ ತಡಕಾಡಿದ. ಜಿಪ್ಪಿದೆ. ಎಳೆಯುವ ಹಿಡಿ ಇಲ್ಲ. ಹಿಡಿ ಹೊರಗೆ, ಟೈಲರಣ್ಣ ಒಳಗೆ! ತಳದಲ್ಲಿ ಉಳಿದ ಸಂದಿಗೆ ತೋರುಬೆರಳು ದಪ್ಪ, ಕಿರುಬೆರಳು ಗಿಡ್ಡ. ಚಾಕು ಸ್ಕೂಟರಿನ ಡಿಕ್ಕಿಯಲ್ಲಿ. ಒದ್ದ, ಗುದ್ದಿದ, ಹಲ್ಲಿನಿಂದ ಕಚ್ಚಿದ. ಮೂರು ಹೊಲಿಗೆ! ಒಂದು ದಾರವೂ ಅಲುಗಲಿಲ್ಲ.

ಅಷ್ಟರಲ್ಲಿ ಫೋನು. ಹೆಂಡತಿ.

"ಏನ್ರೀ, ಸೂರ್ಯೋದಯ ನೋಡಿದ್ರಾ?"

"ನೋಡ್ತಾ ಇದ್ದೀನಿ!" ಕ್ಯಾನ್ವಾಸಿನ ಆಚೆ ಏನೋ ಕೆಂಪಗಿತ್ತು.

"ಧ್ವನಿ ಯಾಕೆ ಡಬ್ಬಿಯೊಳಗಿಂದ ಬಂದ ಹಾಗಿದೆ?"

"ಜಿಪ್ಪು ಮಾಡ್ದೋನು ಕತ್ತೆ ಕಣೇ! ಒಳಗಿಂದ ತೆಗೆಯೋಕೇ ಆಗಲ್ಲ!"

"ಹಿಡಿ ಎಲ್ಲಿಟ್ಟಿದ್ರಿ?"

"ಎಲ್ಲಿಡಬೇಕೋ ಅಲ್ಲೇ! ಹೊರಗೆ! ಪ್ಯಾಂಟಿಗೆ ಎಲ್ಲಿಡ್ತಾರೆ?"



"ಪ್ಯಾಂಟಿಗೆ ಸರಿ ರೀ. ಪ್ಯಾಂಟೊಳಗೆ ಯಾರೂ ಸಂಸಾರ ಹೂಡಿ, ಬೆಳಿಗ್ಗೆ ಎದ್ದು ವಾಕಿಂಗ್ ಹೊರಡಲ್ಲ."

"ಗೊತ್ತಿದ್ರೆ ಅವತ್ತೇ ಬಾಯಿ ಬಿಡೋಕೆ ಏನಾಗಿತ್ತು ನಿನಗೆ?"

"ಬಿಟ್ಟಿದ್ದೆ. ನೀವು ಮುಚ್ಚಿಸಿದ್ರಿ. ಈಗ ಯಾರನ್ನಾದ್ರೂ ಕೂಗಿ ಸಹಾಯ ಕೇಳಿ."

"ಸತ್ರೂ ಕೇಳಲ್ಲ!"

ಫೋನು ಕುಕ್ಕಿದ. ಅದೇ ಹೊತ್ತಿಗೆ ಬೆಟ್ಟಕ್ಕೆ ಒಂದು ಪ್ರವಾಸಿ ಬಸ್ಸು ಬಂದು ನಿಂತಿತು. ಜನ ಸೂರ್ಯನಿಗೆ ಬೆನ್ನು ತಿರುಗಿಸಿ, ಒದ್ದಾಡುತ್ತಿದ್ದ ಗುಡಾರದ ಸುತ್ತ ನೆರೆದರು.

"ಒಳಗೆ ಯಾವುದೋ ಪ್ರಾಣಿ ಸಿಕ್ಕಿಹಾಕ್ಕೊಂಡಿದೆ."

"ಹುಷಾರು, ಕಚ್ಚಬಹುದು!"

"ಯಾವನ್ರೀ ಅದು ಪ್ರಾಣಿ ಅಂದೋನು?" ಗುಡಾರ ಗರ್ಜಿಸಿತು. ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು.

ಅಯ್ಯೋ, ಅವರು ಹೊರಟೇಬಿಟ್ಟರೆ? ಒಂದು ಕಡೆ ಸಿಂಹಾಸನ, ಇನ್ನೊಂದು ಕಡೆ ಮೂರು ಲೋಟ ಚಹಾ. ಟೈಲರಣ್ಣ ಹಲ್ಲು ಕಚ್ಚಿದ, ಕಾಲು ಹೆಣೆದ, ನೂರರವರೆಗೆ ಎಣಿಸಲು ಹೊರಟ. ನಲವತ್ತಕ್ಕೆ ಸಿಂಹಾಸನ ಸೋತಿತು.

"ಸಹಾಯ ಮಾಡ್ರೀ!" ಎಂದು, ಬೈಯುವ ಧ್ವನಿಯಲ್ಲೇ ಅರಚಿದ. "ಬಾಯಿ ಬಿಟ್ಟು ಕೇಳ್ತಾ ಇಲ್ವಾ? ಸಹಾಯ!"

ಕನ್ನಡಕದ ಅಜ್ಜಿಯೊಬ್ಬರು ಮುಂದೆ ಬಂದು, ಎರಡು ಬೆರಳಲ್ಲಿ ಹಿಡಿ ಎತ್ತಿ ಸರ್ರನೆ ಜಿಪ್ಪು ಎಳೆದರು. ಟೈಲರಣ್ಣ ಬಾಣದಂತೆ ಹಾರಿ, ಯಾರ ಮುಖವನ್ನೂ ನೋಡದೆ ಪೊದೆಯ ಹಿಂದೆ ಮಾಯವಾದ.

ಹಿಂದಿರುಗಿದಾಗ ಅಜ್ಜಿ ಇನ್ನೂ ಗುಡಾರದ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು.

"ಎಂಥ ಗಟ್ಟಿ ಹೊಲಿಗೆ! ಆದ್ರೆ ತಲೆ ಒಂದಿಷ್ಟು ಓಡಿಸ್ಬೇಕಿತ್ತು. ಯಾರಪ್ಪಾ ಟೈಲರ್ರು?"

ಏಳು ದಿನದಲ್ಲಿ ಎದುರು ನಿಂತು ಮಾತಾಡಿದ ಮೊದಲ ಮನುಷ್ಯರು! ಟೈಲರಣ್ಣ ಬೈಯಲು ಎದೆ ತುಂಬ ಗಾಳಿ ಎಳೆದುಕೊಂಡ. ಹಾಗೇ ಮೆಲ್ಲಗೆ ಬಿಟ್ಟ.

"ನಮ್ಮೂರಲ್ಲಿ ಒಬ್ಬ ಇದ್ದ ತಾಯಿ. ನೀವೇನೂ ಹೆದರ್ಬೇಡಿ, ಈಗ ಕಟಿಂಗೆಲ್ಲ ಅವನ ಹೆಂಡ್ತೀನೇ ನೋಡ್ಕೊಳ್ತಾಳೆ."